ಮೈಕೇಲ್ ಫ್ಯಾರಡೆ

ಆಗಸ್ಟ್ ತಿಂಗಳ 29ನೆಯ ತಾರೀಖು ಯಾವ ಪಂಚಾಂಗದಲ್ಲಿಯೂ ಪರ್ವದಿನವೆಂದು ಗುರುತಾಗಿಲ್ಲ.  ಆದರೂ ನಮ್ಮ ಪತ್ರಿಕೆಯ ಅಚ್ಚಿನ ಯಂತ್ರವು ರಾತ್ರಿಯೆಲ್ಲ ತಿರುಗುವುದಕ್ಕೂ, ವಾಚಕರು ಸಂಜೆ ಗುಂಡಿಯೊತ್ತಿ ದೀಪ ಬೆಳಗಿಸಿಕೊಳ್ಳುವುದಕ್ಕೂ, 1831ನೆಯ ಇಸವಿಯ ಆ ದಿನ ಲಂಡನ್ ಪಟ್ಟಣದ ಒಂದು ನೆಲಮಾಳಿಗೆಯಲ್ಲಿ ಅಯಸ್ಕಾಂತದ ಸೂಜಿಯೊಂದು ಕ್ಷಣಮಾತ್ರ ಅಲುಗಿದುದೇ ಬಹುಮಟ್ಟಿಗೆ ಮೂಲವೆಂದರೆ ಅತಿಶಯೋಕ್ತಿಯಾಗದು. ಆ ಅಲುಗಾಟವನ್ನು ಕಂಡವನು ಮೈಕೇಲ್ ಫ್ಯಾರಡೆ. ಆತನ ಹೆಸರನ್ನು ಶಾಲೆಯ ಹುಡುಗರೆಲ್ಲರೂ ಬಲ್ಲರು. ಆತನ ಬಾಳನ್ನು ಬಲ್ಲವರು ಕಡಮೆ. ಆದಕಾರಣ ಈ ದಿನ ರಾಜಕೀಯವನ್ನು ಬದಿಗಿಟ್ಟು ಆತನ ವಿಷಯವಾಗಿ ನಾಲ್ಕು ಮಾತು ಬರೆಯುವೆವು.

ಫ್ಯಾರಡೆಯು 1791ರ ಸೆಪ್ಟೆಂಬರ್ 22ರಂದು ಲಂಡನ್ನಿನ ಅಂಚಿನಲ್ಲಿದ್ದ ನ್ಯೂಯಿಂಗ್ಟನ್ ಎಂಬಲ್ಲಿ ಹುಟ್ಟಿದನು. ತಂದೆಯು ಕಮ್ಮಾರ, ಉತ್ತರದ ವೆಸ್ಟ್‌ಮೋರ್‌ಲೆಂಡ್ ಸೀಮೆಯಿಂದ ಹೊಟ್ಟೆಪಾಡಿಗಾಗಿ ಬಂದವನು, ಅದರ ಮೇಲೆ ರೋಗಿಷ್ಠನು. ಧಾನ್ಯದ ಬೆಲೆಯು ಏರಿದ 1801ರಲ್ಲಿ ಈ ಹುಡುಗನ ಪಾಲಿಗೆ ವಾರಕ್ಕೆ ಒಂದು ರೊಟ್ಟಿಯಷ್ಟೇ ಬರುತ್ತಿತ್ತೆಂದು ಆತನ ಚರಿತ್ರಕಾರರು ಬರೆದಿರುವರು. ಓದು, ಬರಹ, ಲೆಕ್ಕ, ಇಷ್ಟರ ಹೊರತು ಶಾಲೆಯಿಂದ ಆತನಿಗೆ ದೊರೆತುದು ಏನೂ ಇಲ್ಲ. ಮನೆಯವರು ಸ್ಯಾಂಡಿಮನ್ ಪಂಥವೆಂಬ ಸಣ್ಣದೊಂದು ಕ್ರೈಸ್ತ ಪಂಗಡಕ್ಕೆ ಸೇರಿದವರು. ಹಣವನ್ನು ಕೂಡಿಡುವುದನ್ನು ಆ ಪಂಗಡದವರು ಒಪ್ಪುತ್ತಿರಲಿಲ್ಲ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುವುದು.

ಪತ್ರಿಕಾವ್ಯವಸಾಯದವರಾದ ನಮಗೆ ಹೆಮ್ಮೆಯ ವಿಷಯವೊಂದುಂಟು. ಫ್ಯಾರಡೆಯ ಮೊದಲನೆಯ ಉದ್ಯೋಗವು ವೃತ್ತಪತ್ರಿಕೆಗಳನ್ನು ಹಂಚುವುದು. 1804ರಲ್ಲಿ ರೀಬೋ ಎಂಬ ಪುಸ್ತಕ ವ್ಯಾಪಾರಿಯ ಅಂಗಡಿಯಲ್ಲಿ ಆತನು ಆಳುಹುಡುಗನಾಗಿ ಸೇರಿದನು. ಆ ಕಾಲದಲ್ಲಿ ಪತ್ರಿಕೆಯ ಬೆಲೆಯು ಹೆಚ್ಚು; ಕೊಳ್ಳಲಾರದವರು ಬಾಡಿಗೆಗೆ ತರಿಸಿ ಓದಿ ಹಿಂದಿರುಗಿಸುತ್ತಿದ್ದರು. ಅವನ್ನು ಮನೆಮನೆಗೆ ಕೊಟ್ಟು ಮರಳಿ ತರುವುದು ಹುಡುಗನ ಕೆಲಸ. ಮರುವರ್ಷ ಅದೇ ಅಂಗಡಿಯಲ್ಲಿ ರಟ್ಟು ಕಟ್ಟುವ ಕಸುಬಿಗೆ ಏಳು ವರ್ಷದ ಕರಾರಿನ ಮೇಲೆ ನಿಂತನು. ರಟ್ಟು ಕಟ್ಟಲು ಬಂದ ಪುಸ್ತಕಗಳನ್ನು ಕಟ್ಟುವುದಕ್ಕೆ ಮೊದಲು ಓದಿದನು. ವಿಶ್ವಕೋಶದ ಒಂದು ಸಂಪುಟದಲ್ಲಿ ವಿದ್ಯುತ್ತನ್ನು ಕುರಿತ ಲೇಖನವು ಕಣ್ಣಿಗೆ ಬಿತ್ತು. ಮಾರ್ಸೆಟ್ ಎಂಬ ವಿದುಷಿಯು ರಸಾಯನಶಾಸ್ತ್ರವನ್ನು ಕುರಿತು ಸಂಭಾಷಣಾರೂಪವಾಗಿ ಬರೆದ ಗ್ರಂಥವು ಕೈಗೆ ಬಂದಿತು. ಓದಿದುದನ್ನು ನಂಬಿ ಸುಮ್ಮನಿರದೆ, ಸಂಬಳವಿಲ್ಲದ ಹುಡುಗನು ಕಾಸಿಗೆ ಕಾಸು ಸೇರಿಸಿ ಸಾಮಾನು ಕೊಂಡು ಪರೀಕ್ಷಿಸಿ ನೋಡಿದನು. ಊರಿನಲ್ಲಿ ಟೇಟಮ್ ಎಂಬಾತನು ನಡೆಸುತ್ತಿದ್ದ ವಿಜ್ಞಾನದ ಉಪನ್ಯಾಸಗಳಿಗೆ ಒಂದೊಂದಕ್ಕೆ ಒಂದು ಷಿಲ್ಲಿಂಗು ತೆರಬೇಕಾಗಿತ್ತು. ಆ ಷಿಲ್ಲಿಂಗನ್ನು ಕೊಟ್ಟವನು ಕಮ್ಮಾರಿಕೆ ಮಾಡುತ್ತಿದ್ದ ಅಣ್ಣ ರಾಬರ್ಟನು. ದೊಡ್ಡವರ ಚರಿತ್ರೆಗಳಲ್ಲಿ ಇಂತಹ ಅಣ್ಣಂದಿರಿಗೆ ಒಂದು ಪಂಕ್ತಿಯೂ ಸಿಕ್ಕುವುದಿಲ್ಲವಾದ್ದರಿಂದ ನಾವಿಲ್ಲಿ ಹೆಸರು ಹಿಡಿದು ಬರೆದಿರುವೆವು.

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬನು ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸರ್ ಹಂಫ್ರಿ ಡೇವಿಯು ಮಾಡಲಿದ್ದ ನಾಲ್ಕು ಉಪನ್ಯಾಸಗಳಿಗೆ ಟಿಕೀಟುಗಳನ್ನು ಕೊಡಿಸಿದನು. ಫ್ಯಾರಡೆಯು ಮೇಲಿನ ಸಾಲಿನಲ್ಲಿ ಕುಳಿತು ಕೇಳಿದುದನ್ನೆಲ್ಲ ಬರೆದುಕೊಂಡು, ಚಿತ್ರಗಳೊಡನೆ ತಿದ್ದಿ ಬರೆದು, ಸುಮಾರು 300 ಪುಟಗಳ ಆ ಬರಹಕ್ಕೆ ತಾನೇ ರಟ್ಟು ಕಟ್ಟಿದನು. ಮೊದಲು ರಾಯಲ್ ಸೊಸೈಟಿಯ ಅಧ್ಯಕ್ಷನಾಗಿದ್ದ ಬ್ಯಾಂಕ್ಸನಿಗೆ ಒಂದು ಅರ್ಜಿ ಬರೆದುಕೊಂಡನು. ಉತ್ತರವಿಲ್ಲವೆಂಬುದೇ ಉತ್ತರವಾಯಿತು. ಕಚೇರಿಗಳ ಈ ಪದ್ಧತಿಯು ನಮ್ಮ ದೇಶಕ್ಕೆ ಮಾತ್ರ ಮೀಸಲಾದುದಲ್ಲವೆಂದು ತಿಳಿದು ನಮಗೆ ಸ್ವಲ್ಪ ಸಮಾಧಾನವಾಯಿತು. ತರುವಾಯ ಪುಸ್ತಕವನ್ನು ಡೇವಿಗೇ ಕಳುಹಿಸಿದನು. ಡೇವಿಯು ಕರೆಸಿ ಮಾತನಾಡಿದನು. ಕೆಲವು ವಾರಗಳಲ್ಲಿ ಪ್ರಯೋಗಶಾಲೆಯ ಸಹಾಯಕನೊಬ್ಬನು ಜಗಳವಾಡಿ ಕೆಲಸ ಕಳೆದುಕೊಂಡನು. ಆ ಸ್ಥಾನಕ್ಕೆ 1813ರ ಮಾರ್ಚ್ ಮೊದಲನೆಯ ತಾರೀಖು ಫ್ಯಾರಡೆಯ ನೇಮಕವಾಯಿತು. ವಾರಕ್ಕೆ 25 ಷಿಲ್ಲಿಂಗು, ಅಟ್ಟದ ಮೇಲೆ ಎರಡು ಕೋಣೆ, ಉರಿಸಲು ಇದ್ದಿಲು, ಮೇಣದ ಬತ್ತಿ. ಅದೇ ಕಟ್ಟಡದಲ್ಲಿ ಆತನು ನಲವತ್ತೈದು ವರ್ಷಗಳಿಗೂ ಮೇಲ್ಪಟ್ಟು ವಾಸಮಾಡಿದನು.

ಡೇವಿಯ ಸಂಬಂಧವು ಸುಖದುಃಖಗಳೆರಡನ್ನೂ ತಂದಿತು. 1813ರಿಂದ 1815ರ ವರೆಗೆ ಗುರುವಿನೊಡನೆ ಫ್ರಾನ್ಸು ಇಟಲಿಗಳನ್ನು ಸುತ್ತಿ, ಆಂಪಿಯರ್, ವೋಲ್ಟಾ ಮೊದಲಾದವರನ್ನು ಕಣ್ಣಾರೆ ಕಂಡನು; ಅದೇ ಪ್ರಯಾಣದಲ್ಲಿ ಡೇವಿಯ ಪತ್ನಿಯು ಆತನನ್ನು ಮನೆಯಾಳಿನಂತೆ ನಡೆಸಿಕೊಂಡಳು. 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡನು, ವಿದ್ಯುತ್ಪ್ರವಾಹವಿರುವ ತಂತಿಯ ಬಳಿ ಅಯಸ್ಕಾಂತದ ಸೂಜಿಯು ತಿರುಗುವುದೆಂದು ಕಂಡುಹಿಡಿದಾಗ ಯೂರೋಪಿನ ಪಂಡಿತರೆಲ್ಲರೂ ಅದರ ಮೇಲೆ ಬಿದ್ದರು. 1821ರ ಸೆಪ್ಟೆಂಬರಿನಲ್ಲಿ ಫ್ಯಾರಡೆಯು ಅಂತಹ ತಂತಿಯು ಅಯಸ್ಕಾಂತದ ಸುತ್ತ ತಾನಾಗಿ ನಿರಂತರ ಸುತ್ತುವಂತೆ ಮಾಡಿ ತೋರಿಸಿದನು. ಇಂದಿನ ಎಲ್ಲ ಮೋಟಾರುಗಳಿಗೂ ಅದು ಮೂಲಪುರುಷ. ಆದರೆ ವುಲಾಸ್ಟನ್ ಎಂಬ ಹಿರಿಯ ವಿದ್ವಾಂಸನ ಆಲೋಚನೆಯನ್ನು ಹೇಳದೆ ಕೇಳದೆ ತೆಗೆದುಕೊಂಡನೆಂಬ ಅಪವಾದವು ಹುಟ್ಟಿತು. 1824ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವಕ್ಕೆ ಆತನ ಹೆಸರು ಬಂದಾಗ ಅಧ್ಯಕ್ಷಪೀಠದಲ್ಲಿದ್ದ ಡೇವಿಯೇ ವಿರೋಧಿಸಿದನು. ಆದರೂ ಫ್ಯಾರಡೆಯು ಆಯ್ಕೆಯಾದನು; ತನ್ನ ಜೀವಮಾನದಲ್ಲಿ ಗುರುನಿಂದೆಯನ್ನು ಮಾತ್ರ ಮಾಡಲಿಲ್ಲ.

ಇನ್ನು ಮುಖ್ಯ ಕಥೆಗೆ ಬರುವೆವು. ವಿದ್ಯುತ್ತಿನಿಂದ ಅಯಸ್ಕಾಂತದ ಗುಣವು ಹುಟ್ಟುವುದಾದರೆ ಅಯಸ್ಕಾಂತದಿಂದ ವಿದ್ಯುತ್ತು ಏಕೆ ಹುಟ್ಟಬಾರದು? 1822ರ ಟಿಪ್ಪಣಿಯಲ್ಲಿಯೇ ಆತನು ಇದನ್ನು ಮಾಡಬೇಕಾದ ಕೆಲಸವೆಂದು ಬರೆದುಕೊಂಡಿದ್ದನು. 1825ರಲ್ಲಿ ಯತ್ನಿಸಿದನು, ಫಲವಿಲ್ಲ. 1828ರಲ್ಲಿ ಮತ್ತೊಮ್ಮೆ, ಆಗಲೂ ಇಲ್ಲ. ನಡುವೆ ದೂರದರ್ಶಕಕ್ಕೆ ಬೇಕಾದ ಗಾಜನ್ನು ತಯಾರಿಸುವ ಬೇಸರದ ಕೆಲಸವೊಂದು ವರ್ಷಗಟ್ಟಲೆ ಆತನ ಕಾಲವನ್ನು ತಿಂದಿತು. ಅಂತೂ 1831ರಲ್ಲಿ, ನಲವತ್ತನೆಯ ವರ್ಷ ತುಂಬುವುದಕ್ಕೆ ಒಂದು ತಿಂಗಳು ಕಡಮೆಯಿರುವಾಗ, ಆರು ಅಂಗುಲ ವ್ಯಾಸದ ಒಂದು ಮೆದುಕಬ್ಬಿಣದ ಬಳೆಯನ್ನು ಮಾಡಿಸಿದನು. ಅದರ ಒಂದು ಪಾರ್ಶ್ವಕ್ಕೆ ತಾಮ್ರದ ತಂತಿಯನ್ನು ಸುತ್ತಿದನು. ಎದುರು ಪಾರ್ಶ್ವಕ್ಕೆ ಬೇರೆ ತಂತಿಯನ್ನು ಸುತ್ತಿದನು. ಆಗ ಹೊದಿಕೆಯ ತಂತಿಯು ಅಂಗಡಿಯಲ್ಲಿ ದೊರೆಯುತ್ತಿರಲಿಲ್ಲ. ಸುತ್ತುಸುತ್ತಿಗೂ ನಡುವೆ ಹುರಿಯನ್ನೂ ಪದರಪದರಕ್ಕೂ ನಡುವೆ ಬಟ್ಟೆಯನ್ನೂ ಇಟ್ಟು ಕಟ್ಟಬೇಕಾಗಿತ್ತು. ರಟ್ಟು ಕಟ್ಟಿ ಪಳಗಿದ ಕೈಗೆ ಇದು ಕಷ್ಟವಾಗಿರಲಾರದು. ಎರಡನೆಯ ತಂತಿಯ ತುದಿಗಳನ್ನು ಕೂಡಿಸಿ, ಮೂರಡಿ ದೂರದಲ್ಲಿದ್ದ ಅಯಸ್ಕಾಂತದ ಸೂಜಿಯ ಮೇಲೆ ಹಾಯಿಸಿದನು. ಮೊದಲನೆಯ ತಂತಿಯನ್ನು ಬ್ಯಾಟರಿಗೆ ಸೇರಿಸಿದನು. ಸೂಜಿಯು ಅಲುಗಿತು, ಕೂಡಲೆ ಮೊದಲಿನ ಸ್ಥಾನಕ್ಕೆ ಬಂದು ನಿಂತಿತು. ಬ್ಯಾಟರಿಯ ಪ್ರವಾಹವು ಎಷ್ಟು ಹೊತ್ತು ಹರಿದರೂ ಸೂಜಿಗೆ ಚಲನೆಯಿಲ್ಲ. ಬ್ಯಾಟರಿಯನ್ನು ಬಿಡಿಸಿದನು. ಸೂಜಿಯು ಮತ್ತೆ ಅಲುಗಿತು, ಈ ಸಲ ಎದುರು ದಿಕ್ಕಿಗೆ.

ಇಲ್ಲಿಯೇ ರಹಸ್ಯವಿರುವುದು. ಇತರರು ಹುಡುಕುತ್ತಿದ್ದುದು ಸ್ಥಿರವಾಗಿ ಹರಿಯುವ ಪ್ರವಾಹವನ್ನು. ಪ್ರಕೃತಿಯು ಕೊಡುತ್ತಿದ್ದುದು ಬದಲಾವಣೆಯ ಕ್ಷಣದಲ್ಲಿ ಮಾತ್ರ ಹುಟ್ಟುವ ಪ್ರವಾಹವನ್ನು. ಜಿನೀವಾ ಪಟ್ಟಣದ ಕೊಲಾಡನ್ ಎಂಬ ಪಂಡಿತನು 1825ರಲ್ಲಿಯೇ ತಂತಿಯ ಸುರುಳಿಯೊಳಕ್ಕೆ ಅಯಸ್ಕಾಂತವನ್ನು ನೂಕಿ ನೋಡಿದ್ದನು. ಅಯಸ್ಕಾಂತದ ಪ್ರಭಾವವು ತನ್ನ ಸೂಜಿಗೆ ನೇರವಾಗಿ ತಗುಲಬಾರದೆಂಬ ಎಚ್ಚರಿಕೆಯಿಂದ ಸೂಜಿಯನ್ನು ಬೇರೊಂದು ಕೋಣೆಯಲ್ಲಿಟ್ಟಿದ್ದನು. ಅಯಸ್ಕಾಂತವನ್ನು ನೂಕಿ, ಆ ಕೋಣೆಗೆ ನಡೆದು ಹೋಗಿ ನೋಡುವಷ್ಟರಲ್ಲಿ ಸೂಜಿಯು ಸ್ವಸ್ಥಾನಕ್ಕೆ ಮರಳಿರುತ್ತಿತ್ತು. ಜೊತೆಗೊಬ್ಬ ಸಹಾಯಕನಿದ್ದಿದ್ದರೆ ಈ ಲೇಖನಕ್ಕೆ ಬೇರೊಂದು ತಲೆಬರಹವಿರುತ್ತಿತ್ತೋ ಏನೋ.

ಅಕ್ಟೋಬರ್ 17ರಂದು ಫ್ಯಾರಡೆಯು ಬ್ಯಾಟರಿಯನ್ನೇ ಬಿಟ್ಟು, ಎಂಟೂವರೆ ಅಂಗುಲದ ಅಯಸ್ಕಾಂತವೊಂದನ್ನು ಸುರುಳಿಯೊಳಕ್ಕೆ ಥಟ್ಟನೆ ನೂಕಿದನು. ಸೂಜಿಯು ಒಂದು ಕಡೆಗೆ ಬಾಗಿತು. ಹೊರಕ್ಕೆಳೆದನು, ಇನ್ನೊಂದು ಕಡೆಗೆ ಬಾಗಿತು. ಅಕ್ಟೋಬರ್ 28ರಂದು ದೊಡ್ಡದೊಂದು ಅಯಸ್ಕಾಂತದ ಎರಡು ಧ್ರುವಗಳ ನಡುವೆ ತಾಮ್ರದ ತಟ್ಟೆಯನ್ನು ತಿರುಗಿಸಿ ಎಡೆಬಿಡದ ಪ್ರವಾಹವನ್ನೇ ಪಡೆದನು. ಜಗತ್ತಿನ ಮೊದಲನೆಯ ಡೈನಮೋ ಅದು. ನವೆಂಬರ್ 24ರಂದು ಈ ಸಂಗತಿಗಳೆಲ್ಲವೂ ರಾಯಲ್ ಸೊಸೈಟಿಯಲ್ಲಿ ಓದಲ್ಪಟ್ಟವು. ಹತ್ತು ವರ್ಷ ಬಾಗಿಲು ತಟ್ಟಿದವನಿಗೆ ಹತ್ತು ವಾರಗಳಲ್ಲಿ ಮನೆಯೆಲ್ಲವೂ ತೆರೆಯಿತು. ಅದೇ 1831ರ ಅಕ್ಟೋಬರಿನಲ್ಲಿ ಕಂಪನಿಯ ಸರ್ಕಾರವು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಮೈಸೂರಿನ ಆಡಳಿತವನ್ನು ಕಿತ್ತುಕೊಂಡಿತೆಂಬುದು ನೆನಪಿಗೆ ಬಾರದೆ ಇರದು. ಒಂದೇ ಊರಿನ ಒಂದು ಬೀದಿಯಲ್ಲಿ ರಾಜ್ಯಗಳನ್ನು ನುಂಗುವವರೂ ಇನ್ನೊಂದು ಬೀದಿಯಲ್ಲಿ ಇಂತಹವರೂ ವಾಸವಾಗಿದ್ದರು. ಮೊದಲನೆಯವರ ಮೇಲಿನ ಕೋಪವನ್ನು ಎರಡನೆಯವರ ಮೇಲೆ ತೀರಿಸಿಕೊಳ್ಳುವುದು ನಮ್ಮ ಪಕ್ಷಕ್ಕೆ ಶೋಭಿಸುವುದಿಲ್ಲ.

ಪ್ರವಾಹವು ಹುಟ್ಟುವುದೇನೋ ಸರಿ. ಯಾವ ದಿಕ್ಕಿಗೆ ಹರಿಯುವುದು? ಬಳೆಯ ಪ್ರಯೋಗದಲ್ಲಿ ಬ್ಯಾಟರಿಯನ್ನು ಸೇರಿಸುವಾಗ ಎರಡನೆಯ ತಂತಿಯ ಪ್ರವಾಹವು ಮೊದಲನೆಯದಕ್ಕೆ ವಿರುದ್ಧವಾಗಿಯೂ, ಬಿಡಿಸುವಾಗ ಅದರ ದಿಕ್ಕಿನಲ್ಲಿಯೇ ಇರುವುದನ್ನೂ ಫ್ಯಾರಡೆಯು ಕಂಡನು. ಅಯಸ್ಕಾಂತದ ಬಳಿ ಚಲಿಸುವ ತಂತಿಯ ವಿಷಯಕ್ಕೆ, ಅಯಸ್ಕಾಂತಕ್ಕೆ ಅಡ್ಡಲಾಗಿ ಹಿಡಿದ ಚಾಕುವಿನ ಅಲಗಿನ ದೃಷ್ಟಾಂತವೊಂದನ್ನು ಕೊಟ್ಟನು. ನಿಯಮವು ಸುಲಭವೇ, ಮಾತಿನಲ್ಲಿ ಹೇಳುವುದು ಕಷ್ಟವೆಂದು ಆತನೇ ಒಪ್ಪಿಕೊಂಡಿರುವನು. ಆ ಭಾಗವನ್ನು ಓದಿದವರು ಅನುಮೋದಿಸುವರು.

ಈ ಗಂಟನ್ನು ಬಿಡಿಸಿದವನು ರಷ್ಯಾ ಚಕ್ರಾಧಿಪತ್ಯದ ಪ್ರಜೆಯಾದ ಹೈನ್ರಿಕ್ ಲೆಂಟ್ಸನು. 1804ರಲ್ಲಿ ಡೋರ್ಪಾಟ್ ಪಟ್ಟಣದಲ್ಲಿ ಹುಟ್ಟಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ ಹಡಗು ಹತ್ತಿ ಭೂಪ್ರದಕ್ಷಿಣೆ ಮಾಡಿ, ಸಮುದ್ರದ ನೀರಿನ ಉಪ್ಪನ್ನೂ ಶಾಖವನ್ನೂ ಅಳೆದು ಬಂದವನೀತನು. 1833ರ ನವೆಂಬರಿನಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ವಿದ್ವತ್ಸಭೆಯ ಮುಂದೆ ಆತನು ಓದಿದ ಲೇಖನದ ಸಾರವಿಷ್ಟೆ: ಪ್ರೇರಿತವಾದ ಪ್ರವಾಹವು ತನ್ನನ್ನು ಹುಟ್ಟಿಸಿದ ಚಲನೆಯನ್ನು ಯಾವಾಗಲೂ ತಡೆಯುವ ದಿಕ್ಕಿನಲ್ಲಿಯೇ ಹರಿಯುವುದು. ಸುರುಳಿಗೆ ಅಯಸ್ಕಾಂತದ ಉತ್ತರ ಧ್ರುವವನ್ನು ಸಮೀಪಕ್ಕೆ ತಂದರೆ ಸುರುಳಿಯ ಆ ಮುಖವು ತಾನೂ ಉತ್ತರ ಧ್ರುವದಂತಾಗಿ ಅದನ್ನು ಹಿಂದಕ್ಕೆ ನೂಕುವುದು. ದೂರಕ್ಕೆಳೆದರೆ ಅದೇ ಮುಖವು ದಕ್ಷಿಣ ಧ್ರುವದಂತಾಗಿ ಹೋಗಬೇಡವೆಂದು ಸೆಳೆಯುವುದು. ಬರಬೇಡವೆನ್ನುವುದು, ಬಂದ ಮೇಲೆ ಹೋಗಬೇಡವೆನ್ನುವುದು. ಹಳೆಯ ಕಾಲದ ಅತ್ತೆಮಾವಂದಿರ ಸ್ವಭಾವವೆಂದು ನಮ್ಮ ಉಪಸಂಪಾದಕರೊಬ್ಬರು ವಿನೋದವಾಡಿದರು. ತಾಮ್ರದ ಕೊಳವೆಯನ್ನು ನೆಟ್ಟಗೆ ಹಿಡಿದು ಬಲವಾದ ಅಯಸ್ಕಾಂತದ ತುಂಡೊಂದನ್ನು ಅದರೊಳಗೆ ಬಿಟ್ಟು ನೋಡಿರಿ. ತಾಮ್ರವನ್ನು ಅಯಸ್ಕಾಂತವು ಹಿಡಿಯದಿದ್ದರೂ ಆ ತುಂಡು ಎಣ್ಣೆಯಲ್ಲಿ ಮುಳುಗುವ ಕಲ್ಲಿನಂತೆ ಮೆಲ್ಲಮೆಲ್ಲನೆ ಇಳಿಯುವುದು. ಕೊಳವೆಯ ಮೈಯಲ್ಲಿ ಹುಟ್ಟಿದ ಪ್ರವಾಹಗಳು ಅದನ್ನು ಮೇಲಿನಿಂದಲೂ ಕೆಳಗಿನಿಂದಲೂ ತಡೆಯುತ್ತಿರುವುವು.

ಈ ನಿಯಮವು ಕೇವಲ ದಿಕ್ಕು ಹೇಳುವ ಕೈಕಂಬವಲ್ಲ. ಪ್ರೇರಿತ ಪ್ರವಾಹವು ಚಲನೆಯನ್ನು ತಡೆಯದೆ ಅದಕ್ಕೆ ಸಹಾಯಮಾಡುವಂತಿದ್ದರೆ ಏನಾಗುತ್ತಿತ್ತು? ಅಯಸ್ಕಾಂತವನ್ನು ಒಮ್ಮೆ ಮುಟ್ಟಿ ಬಿಟ್ಟರೆ ಸಾಕು, ಅದು ತಾನಾಗಿ ವೇಗವನ್ನು ಹೆಚ್ಚಿಸಿಕೊಳ್ಳುತ್ತ, ವಿದ್ಯುತ್ತನ್ನೂ ಹೆಚ್ಚಿಸುತ್ತ, ಯಾರ ಹಂಗೂ ಇಲ್ಲದೆ ಶಕ್ತಿಯ ಭಂಡಾರವೇ ಹರಿಯುತ್ತಿತ್ತು. ಹಾಗಾಗುವುದಿಲ್ಲ. ತಡೆಯನ್ನು ಮೀರಿ ನೂಕುವವನ ಶ್ರಮವೇ ವಿದ್ಯುತ್ತಾಗುವುದು. ಸೈಕಲ್ಲಿಗೆ ಡೈನಮೋ ಕಟ್ಟಿಸಿದ್ದವರಿಗೆ ಈ ಶಾಸ್ತ್ರವನ್ನು ಬೋಧಿಸಬೇಕಾಗಿಲ್ಲ. ದೀಪ ಹತ್ತಿದೊಡನೆ ತುಳಿತವು ಭಾರವಾದುದನ್ನು ಅವರ ಕಾಲುಗಳೇ ಬಲ್ಲವು.

ನಾವು ಈ ಅಂಶವನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವುಂಟು. ಎಣ್ಣೆ ಬೇಡ, ನೀರು ಬೇಡ, ಮೋಟಾರು ಡೈನಮೋವನ್ನು ತಿರುಗಿಸುವುದು, ಡೈನಮೋ ಮೋಟಾರನ್ನು ತಿರುಗಿಸುವುದು, ಮಿಕ್ಕ ವಿದ್ಯುತ್ತು ಊರಿಗೆಲ್ಲ ಪುಕ್ಕಟೆ ಎಂಬ ಯಂತ್ರದ ಚಿತ್ರವನ್ನು ಹಿಡಿದು ನಮ್ಮ ಕಚೇರಿಗೆ ಬರುವವರು ಇದ್ದೇ ಇರುವರು. ಬಂದವರಲ್ಲಿ ಮೋಸಗಾರರು ಕಡಮೆ. ಬಹುಮಂದಿ ಮನೆಯ ಒಡವೆಯನ್ನು ಅಡವಿಟ್ಟು ಯಂತ್ರ ಮಾಡಿಸಿದ ಪ್ರಾಮಾಣಿಕರು. ಸ್ವದೇಶೀ ಪ್ರತಿಭೆಯನ್ನು ಸ್ವದೇಶೀ ಪತ್ರಿಕೆಯೇ ಪ್ರಕಟಿಸದಿದ್ದರೆ ಹೇಗೆಂದು ಅವರು ಕೇಳುವಾಗ ನಮಗೆ ಸಂಕಟವಾಗುವುದು. ಒಮ್ಮೆ ಆ ಮಾತಿಗೆ ಮರುಳಾಗಿ ಅರ್ಧ ಅಂಕಣವನ್ನು ಅಚ್ಚುಹಾಕಿದೆವು. ಅದನ್ನು ತೋರಿಸಿ ಅದೇ ಮನುಷ್ಯನು ನಾಲ್ಕಾರು ಕಡೆ ಸಾಲ ತಂದನೆಂದು ತರುವಾಯ ತಿಳಿಯಿತು. ಅಂದಿನಿಂದ ಅಂತಹ ವಾರ್ತೆಯನ್ನು ನಾವು ತೆಗೆದುಕೊಂಡಿಲ್ಲ. ಪಾಠಶಾಲೆಯಲ್ಲಿ ಕಲಿತ ಸಂಸ್ಕೃತವೂ ಮೆಟ್ರಿಕ್ಯುಲೇಷನ್ನಿನ ವಿಜ್ಞಾನವೂ ಉಳ್ಳ ನಮಗೆ ಲೆಂಟ್ಸನ ನಿಯಮವು ಗೊತ್ತಿರಲಿಲ್ಲವೆಂದಲ್ಲ. ದೇಶಾಭಿಮಾನದ ಮುಂದೆ ಅದು ಮರೆತುಹೋಯಿತು.

ಕೀರ್ತಿಯ ಹಂಚಿಕೆಯ ವಿಷಯದಲ್ಲಿ ನ್ಯಾಯವನ್ನು ಹೇಳುವುದಾದರೆ, ಅಮೆರಿಕದ ಆಲ್ಬನಿ ಪಟ್ಟಣದಲ್ಲಿ ಉಪಾಧ್ಯಾಯನಾಗಿದ್ದ ಜೋಸೆಫ್ ಹೆನ್ರಿಯೂ ಪ್ರೇರಣೆಯನ್ನು ಸ್ವತಂತ್ರವಾಗಿಯೇ ಕಂಡಿದ್ದನು. ಮೊದಲು ಪ್ರಕಟಿಸಿದವನು ಫ್ಯಾರಡೆ. ಒಂದೇ ಸುರುಳಿಯ ಪ್ರವಾಹವು ತನ್ನ ಬದಲಾವಣೆಯನ್ನು ತಾನೇ ತಡೆಯುವ ಸ್ವಪ್ರೇರಣೆಯನ್ನು 1832ರಲ್ಲಿ ಮೊದಲು ಪ್ರಕಟಿಸಿದವನು ಹೆನ್ರಿ.

ಫ್ಯಾರಡೆಗೆ ಗಣಿತವು ಬಾರದು. ಅಯಸ್ಕಾಂತದ ಸುತ್ತ ಕಬ್ಬಿಣದ ಪುಡಿಯು ಗೆರೆಗೆರೆಯಾಗಿ ನಿಲ್ಲುವುದನ್ನು ನೋಡಿ, ಆಕಾಶವೆಲ್ಲವೂ ಅಂತಹ ಬಲರೇಖೆಗಳಿಂದ ತುಂಬಿರುವುದೆಂದು ಭಾವಿಸಿದನು. ತಂತಿಯು ಆ ರೇಖೆಗಳನ್ನು ಕತ್ತರಿಸಿದಾಗ ಪ್ರವಾಹವು ಹುಟ್ಟುವುದೆಂದನು. ಗಣಿತಜ್ಞರು ಇದನ್ನು ಕೇಳಿ ಬಹುಕಾಲ ನಸುನಕ್ಕರು. ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಎಂಬ ತರುಣನು ಮಾತ್ರ ನಗದೆ, 1855ರಿಂದ ಆ ರೇಖೆಗಳಿಗೆ ಗಣಿತದ ಭಾಷೆಯನ್ನು ಕೊಡಲಾರಂಭಿಸಿದನು. ಬೆಳಕೂ ವಿದ್ಯುತ್ಕಾಂತದ ಅಲೆಯೇ ಎಂಬ ಸಿದ್ಧಾಂತವು ಅದರಿಂದ ಹೊರಟಿತು. ಗಣಿತದ ಚಿಹ್ನೆಗಳಲ್ಲಿ ಬರೆದುದನ್ನು ತನ್ನಂತಹವರು ಬಳಸಿಕೊಳ್ಳುವಂತೆ ಸಾಮಾನ್ಯ ಭಾಷೆಯಲ್ಲಿಯೂ ಬರೆಯಬಾರದೇ ಎಂದು ಮುದಿ ಫ್ಯಾರಡೆಯು 1857ರಲ್ಲಿ ಆತನಿಗೆ ಕಾಗದ ಬರೆದು ಕೇಳಿಕೊಂಡನು. ನಮ್ಮ ವಿಶ್ವವಿದ್ಯಾನಿಲಯದ ಪಂಡಿತರಿಗೆ ಕನ್ನಡಿಗರ ಪರವಾಗಿ ನಾವು ಬರೆಯಬೇಕೆಂದಿರುವ ಕಾಗದವೂ ಇದೇ.

ಹಣದ ವಿಷಯ. ಕಾರ್ಖಾನೆಗಳವರಿಗೂ ನ್ಯಾಯಾಲಯಗಳಿಗೂ ಪರೀಕ್ಷೆ ಮಾಡಿಕೊಟ್ಟು 1830ರ ಹೊತ್ತಿಗೆ ಫ್ಯಾರಡೆಯು ವರ್ಷಕ್ಕೆ ಸಾವಿರ ಪೌಂಡಿನಷ್ಟು ಸಂಪಾದಿಸುತ್ತಿದ್ದನೆಂದು ಆತನ ಮಿತ್ರ ಟಿಂಡಲ್ಲನು ಲೆಕ್ಕ ನೋಡಿ ಬರೆದಿರುವನು. ಪ್ರೇರಣೆಯನ್ನು ಕಂಡ ಬಳಿಕ ಆ ಕೆಲಸವನ್ನು ಬಿಡುತ್ತ ಬಂದನು. 1832ರಲ್ಲಿ ಆ ವರಮಾನವು ನೂರೈವತ್ತು ಚಿಲ್ಲರೆ ಪೌಂಡಿಗೆ ಇಳಿಯಿತು. ಡೈನಮೋವಿಗೆ ಹಕ್ಕುಪತ್ರ ಪಡೆಯಲಿಲ್ಲ. 1835ರಲ್ಲಿ ಪ್ರಧಾನಮಂತ್ರಿ ಲಾರ್ಡ್ ಮೆಲ್ಬರ್ನನು ವಿಶ್ರಾಂತಿವೇತನದ ವಿಷಯವಾಗಿ ಕರೆಸಿ, ಪಂಡಿತರಿಗೆ ಹೀಗೆ ಹಣ ಕೊಡುವುದೇ ಒಂದು ಸೋಗೆಂದು ಲಘುವಾಗಿ ಆಡಿದಾಗ, ಫ್ಯಾರಡೆಯು ಮನೆಗೆ ಬಂದು ಅದೇ ದಿನ ನಿರಾಕರಣೆಯ ಪತ್ರವನ್ನು ಕಳುಹಿಸಿದನು. ಮಂತ್ರಿಯು ಲಿಖಿತಮೂಲಕ ಕ್ಷಮೆ ಕೇಳಿದ ಮೇಲೆಯೇ ವರ್ಷಕ್ಕೆ 300 ಪೌಂಡಿನ ಆ ವೇತನವನ್ನು ಒಪ್ಪಿದನು. ರಾಯಲ್ ಸೊಸೈಟಿಯ ಅಧ್ಯಕ್ಷಪದವಿಯನ್ನು ಒಲ್ಲೆನೆಂದನು. ಸರ್ ಎಂಬ ಬಿರುದನ್ನೂ ಒಲ್ಲೆನೆಂದನು. 1947ಕ್ಕೆ ಮುಂಚೆ ನಮ್ಮಲ್ಲಿ ಬಿರುದಿನ ಪಟ್ಟಿ ಹೊರಡುವ ದಿನ ಎಷ್ಟು ಮಂದಿ ನಿದ್ದೆಗೆಟ್ಟು ಕಾಯುತ್ತಿದ್ದರೆಂಬುದನ್ನು ಹಿರಿಯರು ಹೇಳುವುದನ್ನು ಕೇಳಿರುವೆವು. ಇಂದೂ ಪ್ರಶಸ್ತಿಗಳ ಪಟ್ಟಿ ಹೊರಡುವುದು; ನಿದ್ದೆಗೆಡುವವರೂ ಇರುವರು.

ವಿದ್ಯುತ್ತಿನಿಂದ ಏನು ಪ್ರಯೋಜನವೆಂದು ಮಂತ್ರಿಯೊಬ್ಬನು ಕೇಳಿದನೆಂದೂ, ಮುಂದೆ ಇದರ ಮೇಲೆ ತೆರಿಗೆ ಹಾಕಬಹುದೆಂದು ಫ್ಯಾರಡೆಯು ಉತ್ತರಕೊಟ್ಟನೆಂದೂ ಒಂದು ಕಥೆಯು ಪ್ರಚಾರದಲ್ಲಿದೆ. ಆತನ ಜೀವಿತಕಾಲದ ಬರಹಗಳಲ್ಲಿ ಅದಕ್ಕೆ ಆಧಾರವಿಲ್ಲವಾದುದರಿಂದ ಕೈಬಿಟ್ಟಿರುವೆವು. ತೆರಿಗೆಯು ಬಂದುದು ಮಾತ್ರ ನಿಜ.

ಆತನು ಬಿತ್ತಿದುದರ ಫಲವು ನಮ್ಮ ನಾಡಿಗೆ 1902ರಲ್ಲಿ ಬಂದಿತು. ಶಿವನಸಮುದ್ರದಲ್ಲಿ ಕಾವೇರಿಯು ಬೀಳುವಲ್ಲಿ ಯಂತ್ರಗಳನ್ನು ನಿಲ್ಲಿಸಿ, ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಆ ವರ್ಷದ ಜೂನ್ ಕಡೆಯಲ್ಲಿ ವಿದ್ಯುತ್ತನ್ನು ಸಾಗಿಸಲಾಯಿತು. ನದಿಯು ನೂಕುವುದು, ಸುರುಳಿಗಳ ಪ್ರವಾಹವು ತಡೆಯುವುದು, ಆ ತಡೆಯನ್ನು ನೀರಿನ ಭಾರವು ಮೀರುವುದು. ಲೆಂಟ್ಸನ ನಿಯಮವು ಅಲ್ಲಿ ಹಗಲಿರುಳು ನಡೆಯಿತು. ಆ ಯೋಜನೆಗೆ ಕಾರಣಪುರುಷರಾದ ದಿವಾನ್ ಶೇಷಾದ್ರಿ ಅಯ್ಯರವರು 1901ರಲ್ಲಿಯೇ ತೀರಿಹೋದರು, ಪೂರೈಸಿದುದನ್ನು ನೋಡಲಿಲ್ಲ. ಬೆಂಗಳೂರಿನ ಬೀದಿಗಳಿಗೆ ದೀಪ ಬಂದುದು 1905ರಲ್ಲಿ. ಮೊದಲನೆಯ ಪಾಲು ಪರದೇಶೀ ಕಂಪನಿಗಳ ಗಣಿಗಳಿಗೆ, ಎರಡನೆಯದು ಪಟ್ಟಣಕ್ಕೆ. ತಂತಿಯು ಹಾದು ಹೋದ ಹಳ್ಳಿಗಳು ಎಷ್ಟೋ ದಶಕಗಳು ಹರಳೆಣ್ಣೆಯ ದೀಪದಲ್ಲಿಯೇ ಇದ್ದವು. ಇದು ಫ್ಯಾರಡೆಯ ತಪ್ಪಲ್ಲ.

1840ರ ಸುಮಾರಿನಿಂದ ಆತನ ಜ್ಞಾಪಕಶಕ್ತಿಯು ಕುಗ್ಗತೊಡಗಿತು. ದಿನಚರಿಯಲ್ಲಿ ಪ್ರತಿಯೊಂದು ಸಂಗತಿಗೂ ಅಂಕೆ ಹಾಕಿ ಬರೆಯುತ್ತಿದ್ದನು. ಅಂಕೆಯು ಹದಿನಾರು ಸಾವಿರವನ್ನು ಮೀರಿತು. ಆ ಕುಗ್ಗಿದ ಸ್ಥಿತಿಯಲ್ಲಿಯೇ 1845ರಲ್ಲಿ ಅಯಸ್ಕಾಂತವು ಬೆಳಕಿನ ಮೇಲೂ ತನ್ನ ಪ್ರಭಾವವನ್ನು ಬೀರುವುದೆಂದು ತೋರಿಸಿದನು. 1858ರ ಡಿಸೆಂಬರಿನಲ್ಲಿ ಸೌತ್ ಫೋರ್‌ಲೆಂಡ್ ಎಂಬ ಕಡಲ ದೀಪಸ್ತಂಭದಲ್ಲಿ ಅಯಸ್ಕಾಂತದ ಯಂತ್ರದಿಂದ ಹುಟ್ಟಿದ ವಿದ್ಯುತ್ತಿನ ದೀಪವನ್ನು ಹೊತ್ತಿಸಿದಾಗ, ದೀಪಸ್ತಂಭಗಳ ಸಲಹೆಗಾರನಾಗಿ ಅದನ್ನು ಪರೀಕ್ಷಿಸುವ ಭಾಗ್ಯವು ಆತನಿಗೇ ಬಂದಿತು. ಬಳೆಯ ಬಳಿ ಸೂಜಿಯು ಅಲುಗಿದ ಇಪ್ಪತ್ತೇಳು ವರ್ಷಗಳ ಮೇಲೆ ಆ ಬೆಳಕು ಹಡಗಿನವರಿಗೆ ದಾರಿ ತೋರಿಸಿತು.

ಅದೇ 1858ರಲ್ಲಿ ವಿಕ್ಟೋರಿಯಾ ರಾಣಿಯು ಹ್ಯಾಂಪ್ಟನ್ ಕೋರ್ಟಿನಲ್ಲಿ ಇರಲು ಮನೆಯೊಂದನ್ನು ಕೊಟ್ಟಳು. ಪತ್ನಿ ಸಾರಾಳೊಡನೆ ಆತನು ಅಲ್ಲಿ ಕೊನೆಯ ದಿನಗಳನ್ನು ಕಳೆದನು, ಮಕ್ಕಳಿರಲಿಲ್ಲ. 1867ರ ಆಗಸ್ಟ್ 25ರಂದು, ಕುರ್ಚಿಯಲ್ಲಿ ಕುಳಿತಿದ್ದಂತೆಯೇ ಪ್ರಾಣವು ಹೋಯಿತು. ರಾಜರನ್ನು ಹೂಳುವ ವೆಸ್ಟ್‌ಮಿನ್‌ಸ್ಟರಿನ ದೇವಾಲಯವು ಬೇಡವೆಂದು ಆತನು ಮೊದಲೇ ತಿಳಿಸಿದ್ದನು. ಹೈಗೇಟಿನ ಸ್ಮಶಾನದಲ್ಲಿ, ರಾಜಧರ್ಮಕ್ಕೆ ಸೇರದವರಿಗಾಗಿ ಮೀಸಲಿಟ್ಟ ಭಾಗದಲ್ಲಿ, ಕೆಲವೇ ಮಂದಿಯ ಸಮ್ಮುಖದಲ್ಲಿ ಹೂಳಿದರು. ಕಲ್ಲಿನ ಮೇಲೆ ಆತನ ಹೆಸರೂ ಹುಟ್ಟಿದ ಮತ್ತು ಸತ್ತ ತಾರೀಖುಗಳೂ ಇವೆ. ಸಾರಾಳು 1879ರಲ್ಲಿ ಅದೇ ಜಾಗಕ್ಕೆ ಬಂದು ಸೇರಿದಳು.